ಮೆಸೇಜ್ ಬಂದರೂ ರಿಲೇ ಎಳೆಯದಿದ್ದಾಗ

ಕುಷ್ಟಗಿ, ಯಲಬುರ್ಗಾ ಕಡೆಯ ಡಿಪ್ಲೊಮಾ ಹುಡುಗರಿಗೆ ಪ್ರಾಜೆಕ್ಟ್ ಎಂದರೆ ಬೋರ್‌ವೆಲ್ ಮೋಟರ್. ರಾತ್ರಿ ತ್ರೀಫೇಸ್ ಬಂದಾಗ ಹೊಲಕ್ಕೆ ಓಡದೆ ಫೋನಿನಿಂದಲೇ ಚಾಲೂ ಮಾಡಬೇಕು. ಆರ್ಡ್ಯುನೊ ಊನೊ ಎಂಬ ಪುಟ್ಟ ಪ್ರೋಗ್ರಾಮ್ ಬೋರ್ಡು, ಮೆಸೇಜ್ ಹಿಡಿಯುವ ಜಿಎಸ್‌ಎಂ ಮಾಡ್ಯೂಲ್, ಮೋಟರಿನ ಸ್ವಿಚ್ಚಾದ ರಿಲೇ ಜೋಡಿಸುವುದು ಬೇಗ ಮುಗಿಯುತ್ತದೆ. ಆಮೇಲೆ ದೂರು: "ಸರ್, ಮಾನಿಟರ್‌ನ್ಯಾಗ ಆನ್ ಅಂತನ ಬಂದೈತ್ರೀ, ರಿಲೇ ಮಾತ್ರ ಎಳೀವಲ್ದು." ಬೈಸಿಕೊಳ್ಳುವುದು ರಿಲೇ, ತಪ್ಪು ಸಾಮಾನ್ಯವಾಗಿ ಪ್ರೋಗ್ರಾಮಿನ ಇಫ್ ಸಾಲಿನಲ್ಲಿ, ಅಂದರೆ ಬಂದ ಮೆಸೇಜನ್ನು ಹೋಲಿಸಿ ನೋಡುವ ಸಾಲಿನಲ್ಲಿ.

ಚಿಪ್‌ಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಕೀಲಿ 1 ಒತ್ತಿದರೆ ಬೋರ್ಡಿಗೆ ಹೋಗುವುದು 49. ಅದನ್ನು ಬರೀ 1ರ ಜೊತೆ ಹೋಲಿಸಿದರೆ ಎಂದೂ ಸರಿಹೊಂದದು. ಸಿಂಗಲ್ ಕೋಟ್‌ನ '1' ಆದರೆ ಹೊಂದುತ್ತದೆ. ಡಬಲ್ ಕೋಟ್‌ನ "1" ಬೇರೆಯೇ ಸರಕು: 49, ಅದರ ಹಿಂದೆ ಕೊನೆ ತೋರಿಸುವ ಒಂದು 0.

ಕ್ಯಾರೆಕ್ಟರ್ ಅರೇಯನ್ನು, ಅಂದರೆ ಅಕ್ಷರಗಳ ಸಾಲನ್ನು, 'ಸಮವೇ?' ಎಂದು ಕೇಳುವ == ಹಾಕಿ ಹೋಲಿಸುವುದು ಇನ್ನೂ ಮೋಸದ್ದು. ಹೆಸರು ಒಂದೇನಾ ಎಂದು ನಾವು ಕೇಳಿದರೆ ಅದು ಮನೆ ನಂಬರ್ ನೋಡಿ ಉತ್ತರಿಸುತ್ತದೆ. ಮೆಮೊರಿಯ ವಿಳಾಸ ಬೇರೆ, ಹಾಗಾಗಿ ಉತ್ತರ ಸದಾ 'ಅಲ್ಲ'. ಇಲ್ಲಿ ಬೇಕಾದದ್ದು ಸ್ಟ್ರ್‌ಕಂಪ್ (strcmp) ಫಂಕ್ಷನ್. ಅದು ಎರಡೂ ಒಂದೇ ಆಗಿದ್ದರೆ 0 ಕೊಡುತ್ತದೆ. ಇಫ್ ಸಾಲು 0 ಎಂದರೆ 'ಅಲ್ಲ' ಎಂದೇ ತಿಳಿಯುವುದರಿಂದ, ಮುಂದೆ == 0 ಬರೆಯಲು ಮರೆತರೆ ಆಟ ಉಲ್ಟಾ: ಆನ್ ಎಂದು ಕಳಿಸಿದರೆ ಸುಮ್ಮನಿರುವ ಮೋಟರ್, ರೀಚಾರ್ಜ್ ಆಫರ್‌ನ ಮೆಸೇಜ್ ಬಂದರೆ ಚಾಲೂ ಆಗುತ್ತದೆ!

ಇಷ್ಟೆಲ್ಲ ಸರಿ ಮಾಡಿದರೂ ರಿಲೇ ಎಳೆಯದಿದ್ದರೆ ಕಣ್ಣಿಗೆ ಕಾಣದ್ದನ್ನು ಹುಡುಕಬೇಕು. ಬಂದ ಒಂದೊಂದು ಬೈಟನ್ನೂ, ಅಂದರೆ ಒಂದೊಂದು ಅಕ್ಷರವನ್ನೂ, ಅಂಕಿಯಾಗಿ ಪ್ರಿಂಟ್ ಮಾಡಿಸಿ. ಆನ್‌ಗೆ (ದೊಡ್ಡ ಅಕ್ಷರದ ON) 79, 78 ಬಂದು ನಿಲ್ಲಬೇಕು. ಹಿಂದೆಯೇ 13, 10 ಕಂಡರೆ ಅವು ಸಾಲು ಮುಗಿದದ್ದರ ಗುರುತು. ಜಿಎಸ್‌ಎಂ ಮಾಡ್ಯೂಲ್ ಅವನ್ನು ಸೇರಿಸಿಯೇ ಕಳಿಸುತ್ತದೆ. ಸಾಲನ್ನು 10ರವರೆಗೆ ಓದಿಸಿದರೂ 13 ಬಾಲದಂತೆ ಉಳಿಯುತ್ತದೆ, ಅದನ್ನು ಕತ್ತರಿಸಿ. 79, 110 (On) ಕಂಡರೆ ಫೋನು ಮೊದಲ ಅಕ್ಷರವನ್ನಷ್ಟೇ ದೊಡ್ಡದು ಮಾಡಿದೆ ಎಂದರ್ಥ. ದೊಡ್ಡ, ಸಣ್ಣ ಅಕ್ಷರಗಳ ನಡುವಿನ ಅಂತರ 32.

ಅಕ್ಷರಗಳ ಸಾಲನ್ನು ತಾನೇ ನಿಭಾಯಿಸುವ ಆರ್ಡ್ಯುನೊದ ಸ್ಟ್ರಿಂಗ್ ಆಬ್ಜೆಕ್ಟ್ ಬಳಸಿದರೆ == ನೆಟ್ಟಗೆ ಕೆಲಸ ಮಾಡುತ್ತದೆ, ನಿಜ. ಆದರೆ ಊನೊದ ರ‍್ಯಾಮ್ 2 ಕೆಬಿ ಮಾತ್ರ. ತಿಂಗಳುಗಟ್ಟಲೆ ಆಫ್ ಆಗದೆ ನಡೆಯುವ ಪಂಪಿನ ಡಬ್ಬಿಯಲ್ಲಿ ಆ ಆಬ್ಜೆಕ್ಟ್‌ಗಳು ಮೆಮೊರಿಯನ್ನು ಚೂರುಚೂರು ಮಾಡುವ ಅಪಾಯವಿದೆ. ನಾನಂತೂ ಕಲಿಯುವವರಿಗೆ 1 ಎಂದರೆ ಚಾಲೂ, 0 ಎಂದರೆ ಬಂದ್ ಎಂದಿಡಲು ಹೇಳುತ್ತೇನೆ. ಒಂದೇ ಬೈಟು, ಒಂದೇ ಹೋಲಿಕೆ.

ಮೆಸೇಜ್ ಕಳಿಸಿದವರ ನಂಬರನ್ನು ಮಾತ್ರ ಅಕ್ಷರಗಳ ಸಾಲಾಗಿಯೇ ಹೋಲಿಸಿ. ಊನೊದಲ್ಲಿ ಪೂರ್ಣಾಂಕ ಇಡುವ ಇಂಟ್ 32767 ದಾಟದು, ಮೊಬೈಲ್ ನಂಬರ್ ಅದರಲ್ಲಿ ಹಿಡಿಸದು. ಮುಂದೆ +91 ಸೇರಿ ಬರುವುದರಿಂದ ಕೊನೆಯ 10 ಅಂಕಿಗಳನ್ನಷ್ಟೇ ನೋಡಿ.