ಸಲಾಯಿನ್ ಹಚ್ಚುವ ಕೈ: ವೈದ್ಯರಿಂದ ನರ್ಸ್‌ಗೆ, ನರ್ಸ್‌ನಿಂದ ವಿದ್ಯಾರ್ಥಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ನರ್ಸಿಂಗ್ ಓದುತ್ತಿರುವ ಯಾರನ್ನಾದರೂ ಕೇಳಿ ನೋಡಿ: ಮೊದಲ ಸಲ ರೋಗಿಗೆ ವೆನ್‌ಫ್ಲಾನ್ (ಸಲಾಯಿನ್ ಬಿಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ್ದು ಯಾವಾಗ? ಆಗ ಪಕ್ಕದಲ್ಲಿ ಯಾರಿದ್ದರು? ಮೊದಲ ಪ್ರಶ್ನೆಗೆ ತಟ್ಟನೆ ಉತ್ತರ ಬರುತ್ತದೆ. ಎರಡನೆಯದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೆಲವರ ಪಕ್ಕದಲ್ಲಿ ಕಾಲೇಜಿನ ಮೇಡಂ ಇದ್ದರು. ಕೆಲವರ ಪಕ್ಕದಲ್ಲಿ ವಾರ್ಡಿನ ಸಿಸ್ಟರ್. ಕೆಲವರ ಪಕ್ಕದಲ್ಲಿ ಒಂದೇ ವರ್ಷ ಮುಂದಿದ್ದ ಸೀನಿಯರ್. ಯಾರೂ ಇರಲಿಲ್ಲ ಅನ್ನುವವರೂ ಸಿಗುತ್ತಾರೆ.

ರೋಗಿಯ ರಕ್ತನಾಳಕ್ಕೆ ನೇರವಾಗಿ ಔಷಧ ಕೊಡುವ ಕೆಲಸ ಇದು. ಔಷಧ ಬರೆಯುವುದು ವೈದ್ಯರು. ತರುವುದು ಫಾರ್ಮಸಿಯಿಂದ ಅಥವಾ ಹೊರಗಿನ ಮೆಡಿಕಲ್ ಶಾಪಿನಿಂದ ರೋಗಿಯ ಮನೆಯವರು. ಕೊಡುವುದು ನರ್ಸ್, ಎಷ್ಟೋ ಕಡೆ ವಿದ್ಯಾರ್ಥಿ. ಪಾಠಕ್ರಮ ದಿಲ್ಲಿಯ ಭಾರತೀಯ ನರ್ಸಿಂಗ್ ಪರಿಷತ್ತಿನದು, ಪರೀಕ್ಷೆ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ್ದು, ವಾರ್ಡು ಇನ್ಯಾವುದೋ ಆಸ್ಪತ್ರೆಯದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಂತು. ಆಮೇಲಂತೂ ಈ ಸರಪಳಿಯಲ್ಲಿ ಯಾರ ಹೊಣೆ ಎಲ್ಲಿಗೆ ಮುಗಿಯುತ್ತದೆ ಅನ್ನುವ ಪ್ರಶ್ನೆ ಎಲ್ಲರ ಬಾಯಿಗೂ ಬಂತು. ಆದರೆ ಪ್ರಶ್ನೆ ಹೊಸದಲ್ಲ. ಡ್ರಿಪ್ ಎಷ್ಟು ಹಳೆಯದೋ ಇದೂ ಅಷ್ಟೇ ಹಳೆಯದು.

1832ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಾಲರಾ ಹರಡಿತ್ತು. ಅದಕ್ಕೂ ಸ್ವಲ್ಪ ಮುಂಚೆ ಓಶಾಗ್ನೆಸಿ ಅನ್ನುವ ಯುವ ವೈದ್ಯ ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿದ್ದರು. ರಕ್ತದಲ್ಲಿ ನೀರು, ಉಪ್ಪು ಎರಡೂ ಇಳಿದಿವೆ ಎಂದು ಬರೆದಿದ್ದರು. (ಮುಂದೆ ಕಲ್ಕತ್ತಾಕ್ಕೆ ಬಂದು ನಮ್ಮ ದೇಶದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವರೂ ಇವರೇ.) ಇವರು ಬರೆದದ್ದನ್ನು ಓದಿದ ಲೀತ್ ಊರಿನ ವೈದ್ಯ ಥಾಮಸ್ ಲಟ್ಟಾ, ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ವಯಸ್ಸಾದ ಹೆಣ್ಣುಮಗಳ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟರು. ಅರ್ಧ ಗಂಟೆಯಲ್ಲಿ ಮೂರು ಲೀಟರಿಗೂ ಜಾಸ್ತಿ ಹೋಯಿತು. ಮುಚ್ಚುತ್ತಿದ್ದ ಕಣ್ಣಿಗೆ ಹೊಳಪು ಬಂತು, ನಾಡಿ ಸಿಕ್ಕಿತು, ಆಕೆ ಮಾತಾಡಿದಳು. ಇನ್ನು ಪರವಾಗಿಲ್ಲ ಎಂದುಕೊಂಡ ಲಟ್ಟಾ ಆಸ್ಪತ್ರೆಯ ಸರ್ಜನ್‌ಗೆ ಒಪ್ಪಿಸಿ ಹೊರಟರು. ಸ್ವಲ್ಪ ಹೊತ್ತಿಗೆ ವಾಂತಿ-ಭೇದಿ ಮತ್ತೆ ಶುರುವಾಯಿತು. ಉಪ್ಪುನೀರನ್ನು ಮತ್ತೆ ಯಾರೂ ಕೊಡಲಿಲ್ಲ. ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡಳು. ಚಿಕಿತ್ಸೆ ಮುಂದುವರಿಸಿದ್ದರೆ ಉಳಿಯುತ್ತಿದ್ದಳು ಎಂದು ಲಟ್ಟಾ ಅವರೇ ಬರೆದಿಟ್ಟಿದ್ದಾರೆ. ಜಗತ್ತಿನ ಮೊದಲ ಸಲಾಯಿನ್‌ಗಳಲ್ಲಿ ಒಂದು ನಿಂತುಹೋದದ್ದು ಹೀಗೆ: ಹಚ್ಚುವವರಿದ್ದರು, ಹಚ್ಚಿದ ಮೇಲೆ ನೋಡಿಕೊಳ್ಳುವವರು ಇರಲಿಲ್ಲ.

ಮುಂದಿನ ನೂರು ವರ್ಷ ಬೇಗ ಹೇಳಿ ಮುಗಿಸಬಹುದು. 1853ರಲ್ಲಿ ಸಿರಿಂಜ್ ಬಂತು, 1880ರ ದಶಕದಲ್ಲಿ ಸಿಡ್ನಿ ರಿಂಗರ್ ತಮ್ಮ ದ್ರಾವಣ ಮಾಡಿದರು, 1930ರ ದಶಕದಲ್ಲಿ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು, ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ತಯಾರಾದ ಬಾಟ್ಲಿ ಮಾರುಕಟ್ಟೆಗೆ ಬಂತು. ಅಲ್ಲಿಯವರೆಗೂ ಸೂಜಿ ವೈದ್ಯರ ಕೈಯಲ್ಲೇ ಇತ್ತು, ನರ್ಸ್ ಸಾಮಾನು ಜೋಡಿಸಿ ಕೊಡುತ್ತಿದ್ದರು. 1940ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಆಡಾ ಪ್ಲಮರ್ ಎಂಬ ನರ್ಸ್‌ಗೆ ಈ ಕೆಲಸವನ್ನೇ ಒಪ್ಪಿಸಿತು. ಹತ್ತು ವರ್ಷದ ನಂತರ ಮೇಯೋ ಕ್ಲಿನಿಕ್‌ನಲ್ಲಿ ಪ್ಲಾಸ್ಟಿಕ್ ಕೊಳವೆಯ ಸೂಜಿ ತಯಾರಾಯಿತು. ಇವತ್ತು ವಾರ್ಡಿನಲ್ಲಿ ವೆನ್‌ಫ್ಲಾನ್, ಇಂಟ್ರಾಕ್ಯಾಥ್, ಕ್ಯಾನುಲಾ ಅಂತ ಏನೇನು ಕರೆಯುತ್ತೇವೋ ಅವೆಲ್ಲ ಅದರ ವಂಶದವೇ.

ನಮ್ಮ ಕಡೆಗೆ ಬಂದರೆ, ಬಾಸೆಲ್ ಮಿಷನ್‌ನ ಗದಗ-ಬೆಟಗೇರಿ ಆಸ್ಪತ್ರೆಯಂಥ ಕಡೆ ನರ್ಸಿಂಗ್ ಮೊದಲು ಬೇರು ಬಿಟ್ಟಿತು. 1947ರಲ್ಲಿ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. 1957ರಲ್ಲಿ ಹುಬ್ಬಳ್ಳಿಗೆ ಕರ್ನಾಟಕ ಮೆಡಿಕಲ್ ಕಾಲೇಜು ಬಂತು. ಇವತ್ತಿಗೂ ಹೆಚ್ಚಿನವರು ಅದನ್ನು ಕೆಎಂಸಿ ಅಥವಾ ಕಿಮ್ಸ್ ಅನ್ನುತ್ತಾರೆ. ಆ ಕಾಲದ ಸಿರಿಂಜು ಗಾಜಿನದು. ಕುದಿಸುವುದು, ಸೂಜಿ ಮೊಂಡಾದರೆ ಮಸೆಯುವುದು ದಿನದ ಕೆಲಸ. ವಿದ್ಯಾರ್ಥಿಗಳು ಸಿರಿಂಜ್ ಹಿಡಿಯುವ ಮೊದಲು ಅದನ್ನು ತೊಳೆಯುವುದನ್ನು ಕಲಿಯುತ್ತಿದ್ದರು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ ಗಾಜು ಹೋಗಿ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಂತು. ಅದು ಒಳ್ಳೆಯದೇ ಆಯಿತು. ಆದರೆ ಸೂಜಿ ಅಗ್ಗವಾಯಿತು, ಕೈಗೆ ಸುಲಭವಾಗಿ ಸಿಗತೊಡಗಿತು. ಹಳ್ಳಿಹಳ್ಳಿಯಲ್ಲೂ ಸಲಾಯಿನ್ ಹಚ್ಚುವವರು ಹುಟ್ಟಿಕೊಂಡರು.

"ಭಾಳ ಸುಸ್ತಾಗೇತ್ರಿ, ಒಂದ್ ಬಾಟ್ಲಿ ಸಲಾಯಿನ್ ಹಚ್ರಿ" ಎಂದು ಕೇಳುವವರು ಹಾವೇರಿ, ಗದಗ ಕಡೆ ಇವತ್ತಿಗೂ ಕಡಿಮೆಯಾಗಿಲ್ಲ. ಅರ್ಧ ಲೀಟರ್ ಎನ್‌ಎಸ್ (ನಾರ್ಮಲ್ ಸಲಾಯಿನ್) ಬಾಟ್ಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಅಷ್ಟೇ ದೊಡ್ಡ 5 ಪರ್ಸೆಂಟ್ ಗ್ಲುಕೋಸ್ ಬಾಟ್ಲಿಯಲ್ಲಿ 25 ಗ್ರಾಂ ಗ್ಲುಕೋಸ್, ಅಂದರೆ ಐದಾರು ಟೀ ಚಮಚದಷ್ಟು. ಬಾಯಿಂದ ಕುಡಿಯಲು ಆಗುವವರಿಗೆ ಸುಮ್ನೆ ಚುಚ್ಚಿಸಿಕೊಳ್ಳುವ ಅಗತ್ಯವೇ ಇಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲಾಯಿನ್ ಬಾಟ್ಲಿ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆ ನೀರು ಕಲಸಿ ಕಾಲರಾ ರೋಗಿಗಳಿಗೆ ಕುಡಿಸಿದರು. ಸಾವಿನ ಪ್ರಮಾಣ ಕುಸಿಯಿತು. ಓಆರ್‌ಎಸ್ ಪ್ಯಾಕೆಟ್ಟಿಗೆ ಜಗತ್ತಿನಲ್ಲಿ ಮರ್ಯಾದೆ ಸಿಕ್ಕಿದ್ದು ಅಲ್ಲಿಂದ. ನರ್ಸಿಂಗ್ ವಿದ್ಯಾರ್ಥಿಗೆ ಸಲಾಯಿನ್ ಹಚ್ಚುವುದನ್ನು ಕಲಿಸುವಾಗ, ಯಾವಾಗ ಹಚ್ಚಬೇಕಿಲ್ಲ ಅನ್ನುವುದನ್ನು ಇಷ್ಟೇ ಒತ್ತು ಕೊಟ್ಟು ಕಲಿಸಬೇಕು, ಅಲ್ವಾ?

ಈಗಿನ ಗೋಜಲಿನ ಬೇರು ಇರುವುದು 2000ದ ನಂತರದ ವರ್ಷಗಳಲ್ಲಿ. ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಕಾಲೇಜುಗಳು ಒಂದರ ಹಿಂದೆ ಒಂದು ತೆರೆದವು. ವಿದೇಶದಲ್ಲಿ ನರ್ಸ್‌ಗಳಿಗೆ ಬೇಡಿಕೆ ಇತ್ತು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಬಂದರು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೂ ಮನೆಯಿಂದ ಹೊರಗೆ ಬಂದು ದುಡಿಯುವ ಗೌರವದ ದಾರಿ ತೆರೆಯಿತು. ಇದನ್ನು ಸಣ್ಣದು ಎನ್ನಲಾಗದು. ಆದರೆ ಕಾಲೇಜು ಬೆಳೆದಷ್ಟು ಬೇಗ ಹಾಸಿಗೆಗಳು ಬೆಳೆಯುವುದಿಲ್ಲ. ದೊಡ್ಡ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಮೂರ್ನಾಲ್ಕು ಬಣ್ಣದ ಯೂನಿಫಾರ್ಮ್ ಕಾಣತೊಡಗಿದವು. ಹತ್ತು ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕರು ಇರಬೇಕು ಅನ್ನುವುದು ಪರಿಷತ್ತಿನ ನಿಯಮ. ಆ ಹತ್ತು ಮಂದಿ ನಾಲ್ಕು ವಾರ್ಡಿಗೆ ಹಂಚಿಹೋದರೆ ಮೇಡಂ ಒಂದು ಹೊತ್ತಿಗೆ ಒಂದು ಕಡೆ ಮಾತ್ರ ಇರಬಲ್ಲರು. ಉಳಿದ ಮೂರು ಕಡೆ ವಾರ್ಡಿನ ಸಿಸ್ಟರ್ ಕಲಿಸಬೇಕು. ಅವರ ಮೇಲೆ ಮೊದಲೇ ನಲವತ್ತು ರೋಗಿಗಳ ಭಾರ ಇರುತ್ತದೆ. ಕಲಿಸುವುದು ಅವರ ಕೆಲಸದ ಪಟ್ಟಿಯಲ್ಲಿ ಇಲ್ಲ. ಕಲಿಸಿದರೆ ಸಂಬಳ ಜಾಸ್ತಿ ಆಗುವುದಿಲ್ಲ, ಕಲಿಸದಿದ್ದರೆ ಯಾರೂ ಕೇಳುವುದಿಲ್ಲ. ಆದರೂ ಕಲಿಸಿದ ಸಿಸ್ಟರ್‌ಗಳು ನೂರಾರು ಮಂದಿ ಇದ್ದಾರೆ. ಇವತ್ತು ಒಳ್ಳೆಯ ನರ್ಸ್ ಅನಿಸಿಕೊಂಡವರ ಹಿಂದೆ ಅಂಥ ಒಬ್ಬರು ಇದ್ದೇ ಇರುತ್ತಾರೆ.

ಇಂಥ ವಾರ್ಡಿನಲ್ಲಿ ಕಲಿಕೆ ಹೇಗೆ ನಡೆಯಿತು? ಕಣ್ಣಿಗೆ ಕಾಣುವ ಕೌಶಲ ಮೊದಲು ಬಂತು. ಕೈಗೆ ಪಟ್ಟಿ ಬಿಗಿ, ನಾಳ ಮುಟ್ಟಿ ನೋಡು, ಒರೆಸು, ಒಣಗಲು ಬಿಡು, ಓರೆಯಾಗಿ ಚುಚ್ಚು, ಹಿಂದೆ ರಕ್ತ ಕಂಡ ಕೂಡಲೇ ಕೊಳವೆ ಮುಂದೆ ಸರಿಸಿ ಸೂಜಿ ಹಿಂದೆ ತೆಗೆ. ಕ್ಯಾನುಲಾದ ಬಣ್ಣ ಮತ್ತು ಗೇಜ್ ಅಳತೆ: ಹಸಿರು 18, ಪಿಂಕ್ 20, ನೀಲಿ 22, ಹಳದಿ 24. ಇದಿಷ್ಟು ಯಾವ ವಿದ್ಯಾರ್ಥಿಗೂ ಬೇಗ ಬಾಯಿಗೆ ಬರುತ್ತದೆ. ಒಂದೇ ಏಟಿಗೆ ನಾಳ ಸಿಕ್ಕವರಿಗೆ ವಾರ್ಡಿನಲ್ಲಿ ಹೆಸರು. ಹಚ್ಚಿದ ಮೇಲಿನ ಕೆಲಸ ಕಾಣುವುದಿಲ್ಲ, ಅದಕ್ಕೆ ಹೆಸರೂ ಇಲ್ಲ.

ಹನಿ ಲೆಕ್ಕವನ್ನೇ ನೋಡಿ. 500 ಮಿಲೀ ಬಾಟ್ಲಿ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದು ವೈದ್ಯರು ಬರೆದಿದ್ದಾರೆ. ಐವಿ ಸೆಟ್‌ನ (ಬಾಟ್ಲಿಯಿಂದ ಕೈಗೆ ಬರುವ ಕೊಳವೆಯ) ಕವರಿನ ಮೇಲೆ ಒಂದು ಮಿಲೀಗೆ 20 ಹನಿ ಎಂದಿದ್ದರೆ ನಿಮಿಷಕ್ಕೆ 42 ಹನಿ ಬೀಳಬೇಕು. 15 ಎಂದಿದ್ದರೆ 31. ಮಕ್ಕಳ ಮೈಕ್ರೊ ಸೆಟ್ ಆದರೆ 60 ಹನಿಗೆ ಒಂದು ಮಿಲೀ. ಪುಸ್ತಕದ ಲೆಕ್ಕದಲ್ಲಿ ಎಲ್ಲರೂ ಪಾಸು. ವಾರ್ಡಿನಲ್ಲಿ ಕವರ್ ಕಸದ ಡಬ್ಬಿಗೆ ಹೋಗಿರುತ್ತದೆ, ಗಡಿಯಾರ ನೋಡಿ ಹನಿ ಎಣಿಸಲು ಪುರುಸೊತ್ತಿರುವುದಿಲ್ಲ. ಕಣ್ಣಂದಾಜಿನಲ್ಲಿ ಹನಿಯ ವೇಗ ಹೆಚ್ಚು-ಕಡಿಮೆ ಮಾಡುವ ಚಕ್ರ ತಿರುಗಿಸಿ ಮುಂದಿನ ಹಾಸಿಗೆಗೆ ಹೋಗುವುದು ರೂಢಿಯಾಗುತ್ತದೆ. ಅಷ್ಟರಲ್ಲಿ "ಲಗೂ ಮುಗೀಲಿ" ಎಂದು ರೋಗಿಯ ಮಗ ಚಕ್ರವನ್ನು ಪೂರ್ತಿ ಬಿಟ್ಟಿರುತ್ತಾನೆ. ಹೃದಯ ಸೋತಿರುವ ಎಪ್ಪತ್ತು ವರ್ಷದ ಅಜ್ಜನ ಮೈಗೆ ನಾಲ್ಕು ಗಂಟೆಯ ನೀರು ಅರ್ಧ ಗಂಟೆಯಲ್ಲಿ ಹೋದರೆ ಅದು ಶ್ವಾಸಕೋಶ ತುಂಬುತ್ತದೆ. "ಯಜ್ಜಾ, ದಮ್ಮು ಹತ್ತೇತೇನು?" ಎಂದು ಕೇಳಲು, ಮಗನಿಗೆ ಚಕ್ರ ಮುಟ್ಟಬೇಡಪ್ಪಾ ಎಂದು ತಿಳಿಸಿ ಹೇಳಲು ಅಲ್ಲಿ ಒಬ್ಬರು ಇರಬೇಕು.

"ಅಕ್ಕಾರ, ಕೈ ಉರಿಯಾಕತ್ತೇತ್ರಿ" ಎಂದು ರೋಗಿ ಹೇಳಿದಾಗಲೂ ಹಾಗೆಯೇ. ಚುಚ್ಚಿದ ಜಾಗ ತಣ್ಣಗೆ ಬಾತಿದ್ದರೆ ದ್ರಾವಣ ನಾಳದಿಂದ ಹೊರಗೆ ಹೋಗುತ್ತಿದೆ. ನಾಳದ ಗುಂಟ ಕೆಂಪಾಗಿ ಬಿಸಿ ಇದ್ದರೆ ನಾಳವೇ ಉರಿಗೊಂಡಿದೆ. ಎರಡರಲ್ಲೂ ಮೊದಲು ನಿಲ್ಲಿಸಬೇಕು, ಆ ಕ್ಯಾನುಲಾ ತೆಗೆಯಬೇಕು. ಸುಮ್ನೆ ಉಜ್ಜಿ ಸಮಾಧಾನ ಮಾಡಿದರೆ ಆಗದು. ಪ್ಲಾಸ್ಟರ್ ಮೇಲೆ ಹಾಕಿದ ತಾರೀಖು ಬರೆದಿಲ್ಲದಿದ್ದರೆ ಅದು ಎಷ್ಟು ದಿನದ್ದು ಎಂದೇ ತಿಳಿಯುವುದಿಲ್ಲ. ಹನಿ ಬೀಳದಾಗ ಬಾಟ್ಲಿಯ ತಳಕ್ಕೆ ಸೂಜಿ ಚುಚ್ಚಿ ಗಾಳಿ ಬಿಡುವ ಅಭ್ಯಾಸವೂ ಎಷ್ಟೋ ಕಡೆ ಇದೆ. ವಾರ್ಡಿನ ಗಾಳಿ ಸೋಸದೆ ನೇರ ಒಳಗೆ ಹೋಗುತ್ತದೆ. ಜೂನಿಯರ್‌ಗಳು ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ, ನೋಡಿ ಕಲಿತದ್ದು.

ಔಷಧದ ಲೆಕ್ಕ ಇನ್ನೂ ಸೂಕ್ಷ್ಮ. ಪ್ಯಾರಸಿಟಮಾಲ್ ಡ್ರಿಪ್‌ನ 100 ಮಿಲೀ ಬಾಟ್ಲಿಯಲ್ಲಿ ಒಂದು ಗ್ರಾಂ ಔಷಧ ಇರುತ್ತದೆ. 12 ಕೆ.ಜಿ. ತೂಕದ ಮಗುವಿಗೆ 180 ಮಿ.ಗ್ರಾಂ ಬರೆದಿದ್ದರೆ ಕೊಡಬೇಕಾದದ್ದು 18 ಮಿಲೀ. ಮಿ.ಗ್ರಾಂ ಮತ್ತು ಮಿಲೀ ಅದಲುಬದಲಾದರೆ ಹತ್ತು ಪಟ್ಟು ಹೋಗುತ್ತದೆ. ಹೊರದೇಶಗಳಲ್ಲಿ ಇಂಥ ತಪ್ಪುಗಳು ದಾಖಲಾಗಿವೆ. ಇನ್ಸುಲಿನ್‌ನಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಒಂದು ಮಿಲೀಗೆ 40 ಯೂನಿಟ್ ಇರುವ ಔಷಧಕ್ಕೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಪೊಟ್ಯಾಸಿಯಂ ಕ್ಲೋರೈಡ್‌ನ ಸಣ್ಣ ಆಂಪುಲ್ ನೋಡಲು ಡಿಸ್ಟಿಲ್ಡ್ ವಾಟರ್ ಥರವೇ ಇರಬಹುದು. ದ್ರಾವಣಕ್ಕೆ ಬೆರೆಸದೆ ನೇರ ಕೊಟ್ಟರೆ ಹೃದಯ ನಿಲ್ಲುತ್ತದೆ. ಸರಿಯಾದ ರೋಗಿ, ಔಷಧ, ಡೋಸ್, ದಾರಿ, ಹೊತ್ತು ಎಂಬ ಐದು ರೈಟ್ಸ್ ಮೊದಲ ವರ್ಷದಲ್ಲೇ ಬಾಯಿಪಾಠ ಆಗುತ್ತವೆ. ಆದರೆ ಲೇಬಲ್ ಓದಿ ಇನ್ನೊಬ್ಬರಿಗೆ ತೋರಿಸು ಎಂದು ಹೇಳುವವರು ಇದ್ದಾಗ ಮಾತ್ರ ಅವು ಕೈಗೆ ಇಳಿಯುತ್ತವೆ.

2021ರ ಮೇನಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ಹಚ್ಚಬಹುದು ಎಂದು ಕೇಂದ್ರ ಸರ್ಕಾರ ಹೇಳಿತು. ರೆಮ್‌ಡೆಸಿವಿರ್ ಪುಡಿಯನ್ನು ನೀರಿನಲ್ಲಿ ಕರಗಿಸಿ, ಸಲಾಯಿನ್‌ಗೆ ಬೆರೆಸಿ, ನಿಧಾನವಾಗಿ ಬಿಡುವ ಕೆಲಸ ಅವರಲ್ಲಿ ಎಷ್ಟೋ ಮಂದಿಯ ಪಾಲಿಗೆ ಬಂತು. ಆ ಹೊತ್ತಿನಲ್ಲಿ ಮೇಲ್ವಿಚಾರಣೆಗೆ ಯಾರಿಗೆ ಬಿಡುವಿತ್ತು? ಆ ಮಕ್ಕಳು ಮಾಡಿದ ಕೆಲಸವನ್ನು ಈ ನಾಡು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅದೇ ವರ್ಷ ಬಿಎಸ್ಸಿ ನರ್ಸಿಂಗ್‌ಗೆ ಸೆಮಿಸ್ಟರ್ ಪದ್ಧತಿಯ ಹೊಸ ಪಾಠಕ್ರಮ ಬಂತು. ರೋಗಿಯನ್ನು ಮುಟ್ಟುವ ಮೊದಲು ಲ್ಯಾಬಿನಲ್ಲಿ ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕು, ಮಾಡಿ ತೋರಿಸುವ ಪರೀಕ್ಷೆ ಇರಬೇಕು ಎಂದು ಅದು ಹೇಳುತ್ತದೆ. ದೊಡ್ಡ ಸುಧಾರಣೆಯೇ. ಆದರೂ ಒಂದು ಮಾತು. ಔಷಧ ಕೊಡುವ ಪಾಠ ಎರಡನೇ ಸೆಮಿಸ್ಟರಿನಲ್ಲಿ ಬರುತ್ತದೆ, ಔಷಧಶಾಸ್ತ್ರ ಶುರುವಾಗುವುದು ಮೂರನೆಯದರಲ್ಲಿ. ಕೈ ಮೊದಲು ಕಲಿಯುತ್ತದೆ, ಕಾರಣ ಆಮೇಲೆ ಬರುತ್ತದೆ. ಇನ್ನು ಬೊಂಬೆಯ ನಾಳ ಜಾರುವುದಿಲ್ಲ, ಬೊಂಬೆ ಕೈ ಎಳೆದುಕೊಳ್ಳುವುದಿಲ್ಲ, ಉರಿ ಎನ್ನುವುದಿಲ್ಲ. 2023ರಲ್ಲಿ 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂತು. ರಾಜ್ಯಗಳಲ್ಲೂ ಆಯೋಗಗಳು ಬರಬೇಕು ಎಂದು ಅದರಲ್ಲಿದೆ. ವಾರ್ಡಿನಲ್ಲಿ ಕಲಿಸುವ ಹೊಣೆ ಯಾರದು, ಅದಕ್ಕೆ ಸಮಯ ಮತ್ತು ಸಂಬಳ ಎಲ್ಲಿಂದ ಎಂಬುದನ್ನು ಈ ಹೊಸ ವ್ಯವಸ್ಥೆಯಾದರೂ ಬರೆದಿಡಬೇಕು. ವಾರ್ಡಿನ ಹಿರಿಯ ಸಿಸ್ಟರ್‌ಗೆ ಕಲಿಸುವವರೆಂಬ ಹುದ್ದೆ, ಅದಕ್ಕೆ ತಕ್ಕ ಬಿಡುವು ಕೊಡುವುದು ಕಷ್ಟದ ಮಾತೇನಲ್ಲ.

ಅಲ್ಲಿಯವರೆಗೆ, ಅಡ್ಮಿಶನ್ ಹೊತ್ತಿಗೆ ಶಿರಹಟ್ಟಿ, ಹಾನಗಲ್, ಕಲಘಟಗಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುವ ತಂದೆ-ತಾಯಿ ಫೀಸು, ಹಾಸ್ಟೆಲ್, ಬಸ್ಸಿನ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಬಹುದು: ಮಕ್ಕಳು ಯಾವ ಆಸ್ಪತ್ರೆಯ ಎಷ್ಟು ವಾರ್ಡಿಗೆ ಹೋಗುತ್ತಾರೆ, ಅವರ ಜೊತೆ ಎಷ್ಟು ಮಂದಿ ಮೇಡಂ ಹೋಗುತ್ತಾರೆ? ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಡ್ಯೂಟಿ ಪಟ್ಟಿ ತೋರಿಸಿ ಎನ್ನಿ.