ಉಪ್ಪು ತಿಂದ ಬೆಳ್ಳಿ

18ನೇ ಶತಮಾನದ ಇಂಗ್ಲೆಂಡಿನ ಸಿರಿವಂತರ ಊಟದ ಮೇಜಿನ ಮೇಲೆ ಉಪ್ಪಿಗೆಂದೇ ಪುಟ್ಟ ಬೆಳ್ಳಿ ಬಟ್ಟಲುಗಳಿರುತ್ತಿದ್ದವು. ಕುಳ್ಳ ಕಾಲು, ಅಂಗೈಯಲ್ಲಿ ಕೂರುವ ಗಾತ್ರ, ಜೊತೆಗೊಂದು ಚಿಕ್ಕ ಚಮಚ. ಬಗ್ಗಿ ನೋಡಿದರೆ ಹೊರಗೆ ಬೆಳ್ಳಿ, ಒಳಗೆ ಚಿನ್ನದ ಲೇಪ. ಕೆಲವಕ್ಕೆ ಒಳಗೆ ಕೋಬಾಲ್ಟ್ ಬೆರೆಸಿದ ಕಡುನೀಲಿ ಗಾಜಿನ ಬಟ್ಟಲು. ಶೋಕಿ ಅನ್ನಿಸುತ್ತದೆ. ಶೋಕಿಯೂ ಹೌದು, ಆದರೆ ಅದರ ಹಿಂದೆ ಉಪ್ಪಿನ ಭಯವೂ ಇತ್ತು.

ಒಣಗಿದ ಉಪ್ಪು ಬೆಳ್ಳಿಯನ್ನು ಅಷ್ಟಾಗಿ ಕಾಡುವುದಿಲ್ಲ. ಗಾಳಿಯ ತೇವಾಂಶ ಸುಮಾರು 75% ದಾಟಿತೆಂದರೆ ಶುದ್ಧ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್ ಕೂಡ ನೀರು ಹೀರಿ ಕರಗತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಬೆರೆತಿದ್ದರಂತೂ ಇನ್ನೂ ಕಡಿಮೆ ತೇವಕ್ಕೇ ಬೆವರುತ್ತದೆ. ಆ ಉಪ್ಪುನೀರಿಗೆ ಗಾಳಿಯ ಆಮ್ಲಜನಕ ಸೇರಿದರೆ ಲೋಹ ಸವೆಯಲು ಶುರು. ಸ್ಟರ್ಲಿಂಗ್ ಬೆಳ್ಳಿಯಲ್ಲಿ 92.5% ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಮೊದಲ ಪೆಟ್ಟು ತಾಮ್ರಕ್ಕೇ ಬಿದ್ದು ಹಸಿರು ಕಲೆ ಏಳುತ್ತದೆ. ಬರಬರುತ್ತಾ ಬೆಳ್ಳಿಯೂ ಸಿಲ್ವರ್ ಕ್ಲೋರೈಡ್ ಆಗುತ್ತದೆ.

ನಮ್ಮ ದೇವರಮನೆಯ ಬೆಳ್ಳಿ ದೀಪ ಕಪ್ಪಾಗುತ್ತದಲ್ಲ, ಅದು ಬೇರೆ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳ ಕೆಲಸ. ಆ ಪದರ ತೆಳು, ತಿಕ್ಕಿದರೆ ಹೋಗುತ್ತದೆ. ಕ್ಲೋರೈಡು ಹಾಗಲ್ಲ, ಲೋಹದೊಳಕ್ಕೇ ಗುಳಿ ತೋಡುತ್ತದೆ. ಗುಳಿ ಮಾಯವಾಗಬೇಕಾದರೆ ಸುತ್ತಲಿನ ಬೆಳ್ಳಿಯನ್ನೇ ಅದರ ತಳದ ಮಟ್ಟಕ್ಕೆ ಉಜ್ಜಿ ತೆಗೆಯಬೇಕು.

ಸಿಲ್ವರ್ ಕ್ಲೋರೈಡಿಗೆ ಇನ್ನೊಂದು ಗುಣವಿದೆ. ಮೂಲತಃ ಬಿಳಿ, ಬೆಳಕು ಬಿದ್ದರೆ ನೇರಳೆಗೆ ತಿರುಗಿ ಕಪ್ಪಾಗುತ್ತದೆ. ಈ ಗುಣವನ್ನೇ ನಂಬಿ 1830ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಟಾಲ್ಬಟ್ ಕಾಗದಕ್ಕೆ ಅಡುಗೆ ಉಪ್ಪಿನ ನೀರು ಸವರಿ, ಮೇಲೆ ಸಿಲ್ವರ್ ನೈಟ್ರೇಟ್ ಹಚ್ಚಿ, ಚಿತ್ರ ಮೂಡಿಸಿದರು. ಊಟದ ಮೇಜಿನ ಬಟ್ಟಲು ಹಾಳುಮಾಡಿದ ಕ್ಲೋರೈಡೇ ಅಲ್ಲಿ ಛಾಯಾಚಿತ್ರಕ್ಕೆ ದಾರಿ ಮಾಡಿತು!

ಚಿನ್ನಕ್ಕೆ ಉಪ್ಪುನೀರಿನ ಅಂಜಿಕೆಯಿಲ್ಲ. ಆದರೆ ಆ ಲೇಪದ ಬೆಲೆ ತೆತ್ತವರು ಬೇರೆ. ಪಾದರಸದಲ್ಲಿ ಚಿನ್ನ ಕಲಸಿ ಬಳಿದು, ಬಿಸಿಮಾಡಿ ಪಾದರಸವನ್ನು ಆವಿಯಾಗಿಸುತ್ತಿದ್ದರು. ಅದನ್ನು ಉಸಿರಾಡಿದ ಕೆಲಸಗಾರರಿಗೆ ಕೈನಡುಕ, ಬುದ್ಧಿಭ್ರಮೆ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನ ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಪದ್ಧತಿ ಮೆಲ್ಲಗೆ ಹಿಂದೆ ಸರಿಯಿತು. ಗಾಜಿನ ಬಟ್ಟಲು ಈ ಎರಡಕ್ಕಿಂತಲೂ ಜಾಣ ಉಪಾಯ: ಎತ್ತಿ ತೊಳೆದಿಡಬಹುದು.

ಆದರೂ ಚಿನ್ನ ಸವೆದು ಬೆಳ್ಳಿ ಇಣುಕಿದ ಕಡೆ ಉಪ್ಪು ಬಾಯಿ ಹಾಕುತ್ತದೆ. ಹಳೆಯ ಬಟ್ಟಲು ಕೊಳ್ಳುವವರು ಹೊಳಪಿಗೆ ಮರುಳಾಗದೆ, ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು ಒಳ್ಳೆಯದು. ಹೊಸ ಲೇಪದಡಿಯ ಹಳೆಯ ಗುಳಿಗಳು ಆಗ ಕಾಣುತ್ತವೆ.