ಕಾರಿನ ಗಟ್ಟಿತನ ಇರುವುದು ತಗಡಿನಲ್ಲಲ್ಲ

ಕಾರು ಕೊಳ್ಳಲು ಶೋರೂಮಿಗೆ ಹೋದವರಲ್ಲಿ ಹಲವರು ಬಾಗಿಲನ್ನು ಮುಚ್ಚಿ ಅದರ ಸದ್ದು ಕೇಳುತ್ತಾರೆ, ಬಾನೆಟ್ಟಿನ ಮೇಲೆ ಹೆಬ್ಬೆರಳೊತ್ತಿ ತಗಡು ತಗ್ಗುತ್ತದೆಯೇ ಎಂದು ನೋಡುತ್ತಾರೆ. ಅಂಬಾಸಿಡರ್ ಕಾಲದಿಂದ ಉಳಿದುಬಂದ ಈ ಪರೀಕ್ಷೆಯಲ್ಲಿ ಗೆದ್ದದ್ದು ‘ಗಟ್ಟಿ ಗಾಡಿ’, ಸೋತದ್ದು ‘ಡಬ್ಬ’. ಆದರೆ ಹೊರಮೈಯ ತಗಡು ಬಹುಪಾಲು ಕಾರುಗಳಲ್ಲಿ ಒಂದು ಮಿಲಿಮೀಟರಿಗಿಂತ ತೆಳುವಾಗಿಯೇ ಇರುತ್ತದೆ. ಡಿಕ್ಕಿಯ ಹೊಡೆತವನ್ನು ಹೊರುವುದು ಅದರ ಹಿಂದೆ ಕಣ್ಣಿಗೆ ಬೀಳದಂತಿರುವ ಉಕ್ಕಿನ ತೊಲೆ, ಕಂಬ ಮತ್ತು ನೆಲಗಟ್ಟು.

ಗಟ್ಟಿಯಾಗಿದ್ದಷ್ಟೂ ಸುರಕ್ಷಿತ ಎಂಬ ನಂಬಿಕೆಯನ್ನು ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೆನ್ಯಿ 1950ರ ದಶಕದಲ್ಲೇ ತಲೆಕೆಳಗು ಮಾಡಿದ್ದರು: ಕಾರಿನ ಮುಂಭಾಗ ಮತ್ತು ಹಿಂಭಾಗ ಮಡಿಚಿಕೊಂಡು ಹೊಡೆತವನ್ನು ನುಂಗಬೇಕು, ನಡುವೆ ಜನ ಕೂರುವ ಗೂಡು ಮಾತ್ರ ಅಲುಗಬಾರದು. ಈ ತತ್ತ್ವ 1959ರಲ್ಲಿ ಮಾರಾಟದ ಕಾರಿಗೆ ಬಂತು. ಐವತ್ತು ವರ್ಷಗಳ ಬಳಿಕ ಅಮೆರಿಕದಲ್ಲಿ 1959ರ ಷೆವರ್ಲೆ ಬೆಲ್ ಏರ್ ಕಾರನ್ನು 2009ರ ಮಾಲಿಬುವಿಗೆ ಎದುರುಬದುರಾಗಿ ಡಿಕ್ಕಿ ಹೊಡೆಸಿದಾಗ, ಭಾರೀ ಮೈಕಟ್ಟಿನ ಹಳೆಯ ಕಾರಿನಲ್ಲಿ ಚಾಲಕನ ಜಾಗವೇ ಕುಸಿದುಹೋಯಿತು.

ಭಾರತದಲ್ಲಿ ಈ ಚರ್ಚೆ ಜನರ ನಡುವೆ ಬಂದದ್ದು 2014ರ ಜನವರಿಯಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿನ ಐದು ಸಣ್ಣ ಕಾರುಗಳ ಫಲಿತಾಂಶವನ್ನು ಪ್ರಕಟಿಸಿದಾಗ. ಗಂಟೆಗೆ 64 ಕಿ.ಮೀ. ವೇಗದಲ್ಲಿ ನಡೆದ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ಸಿಕ್ಕಿತು. ಸುದ್ದಿಯಾದದ್ದು ಆ ಸೊನ್ನೆಯೇ. ಆದರೆ ವರದಿಯ ತಿರುಳು ಬೇರೆಯಿತ್ತು. ಮೂರು ಕಾರುಗಳ ಗೂಡು ಅಸ್ಥಿರವಾಗಿತ್ತು, ಫೋಕ್ಸ್‌ವ್ಯಾಗನ್ ಪೋಲೊ ಮತ್ತು ಫೋರ್ಡ್ ಫಿಗೊ ಕಾರುಗಳ ಗೂಡು ಮಾತ್ರ ನಿಂತಿತ್ತು. ಅದೇ ಪೋಲೊ ಎರಡು ಏರ್‌ಬ್ಯಾಗ್‌ಗಳೊಂದಿಗೆ ಪರೀಕ್ಷೆಗೆ ಬಂದಾಗ ನಾಲ್ಕು ನಕ್ಷತ್ರ ಪಡೆಯಿತು. 2016ರಲ್ಲಿ ಇನ್ನೊಂದು ಸಣ್ಣ ಕಾರು ಏರ್‌ಬ್ಯಾಗ್ ಇದ್ದೂ ಸೊನ್ನೆಯಲ್ಲೇ ಉಳಿಯಿತು. ಗೂಡು ಕುಸಿದು ಸ್ಟೀರಿಂಗ್ ಚಾಲಕನತ್ತ ನುಗ್ಗಿ ಬಂದರೆ, ಸರಿಯಾದ ಕ್ಷಣದಲ್ಲಿ ಉಬ್ಬಿದ ಚೀಲಕ್ಕೂ ಕೆಲಸ ಮಾಡಲು ಜಾಗವಿರುವುದಿಲ್ಲ. ಈ ಇಡೀ ಕತೆಯಲ್ಲಿ ಓದುಗರು ನೆನಪಿಡಬೇಕಾದ ಸಂಗತಿ ಇದೊಂದೇ ಎಂದರೂ ತಪ್ಪಾಗದು.

ಅಂಥ ಕಾರುಗಳು ಏಕೆ ಬಂದವು ಎಂಬುದಕ್ಕೆ ಹಲವು ಎಳೆಗಳಿವೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ ಕಾರುಗಳಿಗೆ ಸಿಕ್ಕ ಅಬಕಾರಿ ಸುಂಕದ ರಿಯಾಯಿತಿ, ಪ್ರತಿಯೊಂದು ಸಾವಿರ ರೂಪಾಯಿಗೂ ಚೌಕಾಸಿ ಮಾಡುವ ಮಾರುಕಟ್ಟೆ, ‘ಲೀಟರಿಗೆ ಎಷ್ಟು ಕೊಡುತ್ತೆ’ ಎಂಬ ನಮ್ಮೆಲ್ಲರ ಮೊದಲ ಪ್ರಶ್ನೆ ಸೇರಿಕೊಂಡು ತೂಕ ಮತ್ತು ಉಕ್ಕಿನ ಗುಣಮಟ್ಟ ಎರಡರಲ್ಲೂ ಉಳಿತಾಯಕ್ಕೆ ದಾರಿ ಮಾಡಿದವು. ಇವುಗಳಲ್ಲಿ ಉಕ್ಕಿನ ಗುಣಮಟ್ಟದ ಉಳಿತಾಯವೇ ದುಬಾರಿಯಾಯಿತು. ಬಿಸಿಯಾಗಿ ಅಚ್ಚೊತ್ತಿದ ಬೋರಾನ್ ಉಕ್ಕು ಸಾಮಾನ್ಯ ಮೆದು ಉಕ್ಕಿಗಿಂತ ಹಲವು ಪಟ್ಟು ಬಲ ತಾಳುತ್ತದೆ, ಹೀಗಾಗಿ ಒಳ್ಳೆಯ ಗೂಡು ಭಾರವಾಗಿರಲೇಬೇಕೆಂದಿಲ್ಲ.

ಕಡ್ಡಾಯ ಡಿಕ್ಕಿ ಪರೀಕ್ಷೆ ಹೊಸ ಮಾದರಿಗಳಿಗೆ 2017ರ ಅಕ್ಟೋಬರ್‌ನಲ್ಲಿ, ಉಳಿದವಕ್ಕೆ 2019ರಲ್ಲಿ ಬಂತು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದು, ದೇಶದಲ್ಲೇ ತಯಾರಾದ ಕೈಗೆಟಕುವ ಕಾರಿನಲ್ಲೂ ಇದು ಸಾಧ್ಯವೆಂದು ತೋರಿಸಿತು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ನಕ್ಷತ್ರ ಪರೀಕ್ಷೆ ಜಾರಿಯಲ್ಲಿದೆ, ಆದರೆ ಅದಕ್ಕೆ ಕಾರು ಕಳಿಸುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ಈ ನಡುವೆ ಆರು ಏರ್‌ಬ್ಯಾಗ್ ಕಡ್ಡಾಯವಾಗಬೇಕೇ ಎಂಬ ವಾದ ಎಷ್ಟು ಜೋರಾಗಿ ನಡೆಯಿತೆಂದರೆ, ಗೂಡಿನ ಮಾತು ಮತ್ತೆ ಹಿಂದೆ ಸರಿಯಿತು; ಎಣಿಸಲು ಸುಲಭವಾದದ್ದೇ ಜಾಹೀರಾತಿಗೂ ಸುಲಭ.

ಕಡ್ಡಾಯ ಪರೀಕ್ಷೆಯ ವೇಗ 56 ಕಿ.ಮೀ., ನಕ್ಷತ್ರ ಕೊಡುವ ಪರೀಕ್ಷೆಯದು 64. ಚಲನೆಯ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಈ ಎಂಟು ಕಿ.ಮೀ. ಅಂತರದಲ್ಲೇ ಹೊಡೆತದ ಶಕ್ತಿ ಸುಮಾರು ಶೇ 30ರಷ್ಟು ಹೆಚ್ಚುತ್ತದೆ. ನಮ್ಮ ಚತುಷ್ಪಥ ಹೆದ್ದಾರಿಗಳಲ್ಲಿ ಕಾರಿಗೆ 2018ರ ಅಧಿಸೂಚನೆ ಕೊಟ್ಟಿದ್ದ ಗರಿಷ್ಠ ವೇಗ 100 ಕಿ.ಮೀ.; ಅಲ್ಲಿನ ಶಕ್ತಿ ಐದು ನಕ್ಷತ್ರದ ಕಾರು ಎದುರಿಸಿ ಗೆದ್ದ ಶಕ್ತಿಯ ಸುಮಾರು ಎರಡೂವರೆ ಪಟ್ಟು.